ಹೊರದೇಶದಲ್ಲಿ ಒಳ್ಳೆ ಕಾಫಿ ಸಿಗುತ್ತಾ?

ನಾಲ್ಕಾರು ದೇಶ ಸುತ್ತಿ ಬಂದವರನ್ನು ಜನ ಏನೇನೋ ಕೇಳುತ್ತಾರೆ. ನನ್ನನ್ನು ಮಾತ್ರ ಎಲ್ಲರೂ ಕೇಳುವುದು ಒಂದೇ: "ಅದೆಲ್ಲ ಇರಲಿ, ಕಾಫಿಗೆ ಏನು ಮಾಡಿದಿರಿ?" ಮೊನ್ನೆಯೂ ಒಬ್ಬರು ಕೇಳಿದರು. ಅವರ ಟಿಕೆಟ್ಟು, ವೀಸಾ ಎಲ್ಲ ಆಗಿತ್ತು. ಉಳಿದಿದ್ದ ಚಿಂತೆ ಇದೊಂದೇ. ಯಾವ ಊರಲ್ಲಿ ಯಾವ ಅಂಗಡಿಗೆ ಹೋಗಬೇಕು, ಒಂದು ಪಟ್ಟಿ ಮಾಡಿಕೊಡಿ ಅಂದರು.

ಪಟ್ಟಿ ನನ್ನ ಹತ್ತಿರ ಇಲ್ಲ. ಇದ್ದರೂ ಕೊಡುತ್ತಿರಲಿಲ್ಲ ಅನ್ನಿ. ಕೆಟ್ಟ ಕಾಫಿ ಸಿಕ್ಕಿದಾಗಲೆಲ್ಲ ತಪ್ಪು ಅಂಗಡಿಯವರದ್ದೇ ಆಗಿರುವುದಿಲ್ಲ. ಆ ಊರಿನವರು ಕುಡಿಯದ ಕಾಫಿಯನ್ನು ಅವರ ಹತ್ತಿರ ಕೇಳುತ್ತೇವೆ. ಅವರು ಪಾಪ ಏನೋ ಮಾಡಿಕೊಡುತ್ತಾರೆ. ಕುಡಿದು ಮುಖ ಸಿಂಡರಿಸುತ್ತೇವೆ. ಪಕ್ಕದವನ ಲೋಟದಲ್ಲಿ ಏನಿದೆ ಅಂತ ಮೊದಲು ನೋಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ನನಗೆ ಈ ಬುದ್ಧಿ ಬಂದದ್ದು ಇಟಲಿಯ ಒಂದು ರೈಲು ನಿಲ್ದಾಣದಲ್ಲಿ. ಕೌಂಟರ್ ಮುಂದೆ ಹತ್ತು ನಿಮಿಷ ನಿಂತಿದ್ದೆ. ಕಾಫಿ ಮಾಡುವವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ರೈಲಿಗೆ ಹೊತ್ತಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಕೌಂಟರ್ ಮೇಲೆ ಒಂದು ಚೀಟಿ ಇಟ್ಟರು. ಅದು ಹಾರದಂತೆ ಮೇಲೊಂದು ಚಿಲ್ಲರೆ ಕಾಸು. ಕಾಫಿ ತಕ್ಷಣ ಬಂತು. ನಿಂತಲ್ಲೇ ಮೂರು ಗುಟುಕಿಗೆ ಕುಡಿದು ಹೊರಟೇಹೋದರು. ಆಗ ಹೊಳೆಯಿತು. ಇಂಥ ಗಿಜಿಗುಡುವ ಜಾಗಗಳಲ್ಲಿ ಮೊದಲು ಗಲ್ಲಾಕ್ಕೆ ಹೋಗಿ ದುಡ್ಡು ಕೊಟ್ಟು ಚೀಟಿ ತರಬೇಕು. ಚೀಟಿ ಇಲ್ಲದವನು ಅವರ ಕಣ್ಣಿಗೆ ಸುಮ್ನೆ ನಿಂತವನು, ಅಷ್ಟೇ.

ನನಗೂ ಬಂತು. ಪುಟ್ಟ ಕಪ್ಪಿನ ತಳದಲ್ಲಿ ಒಂದಿಷ್ಟು. ಇಷ್ಟೇನಾ ಅನ್ನಿಸಿತು. ಇಷ್ಟೇ! 7 ಗ್ರಾಂ ಪುಡಿ, ಅದರ ಮೂಲಕ 9 ಬಾರ್ ಒತ್ತಡದಲ್ಲಿ ಸುಮಾರು 25 ಸೆಕೆಂಡ್ ನುಗ್ಗಿ ಬಂದ ಬಿಸಿನೀರು. ಕೈಗೆ ಬರುವುದು 30 ಮಿಲಿಲೀಟರ್ ಆಸುಪಾಸು. ಎಸ್‌ಪ್ರೆಸೊ ಅಂದರೆ ಇದೇ, ಇಟಲಿಯಲ್ಲಿ "ಕಫೆ" ಅಂತ ಕೇಳಿದರೂ ಇದೇ ಬರುತ್ತದೆ. ಹಾಲು ಬೇಕಿದ್ದವರು ಬೆಳಿಗ್ಗೆ ಕ್ಯಾಪುಚಿನೊ ಕುಡಿಯುತ್ತಾರೆ. ನಮ್ಮ ಕಾಫಿ ಅಂಗಡಿಗಳ ಹಾಲುಕಾಫಿ "ಲ್ಯಾಟೆ" ನೆನಪಾಗಿ ಅಪ್ಪಿತಪ್ಪಿ "ಲಾತೆ" ಅಂದುಬಿಟ್ಟರೆ ಬರೀ ಹಾಲು ಬರುತ್ತದೆ, ಆ ಮಾತಿನ ಅರ್ಥವೇ ಹಾಲು. ಇನ್ನೊಂದು ವಿಷಯ. ಕುರ್ಚಿಯಲ್ಲಿ ಕೂತರೆ ಬಹಳ ಕಡೆ ಅದೇ ಕಾಫಿಗೆ ಬೆಲೆ ಜಾಸ್ತಿ.

ವಿಯೆಟ್ನಾಂನಲ್ಲಿ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಅವಸರ ಮಾಡಿದರೆ ಕಾಫಿಯೇ ಇಲ್ಲ. ಲೋಟದ ಮೇಲೆ "ಫಿನ್" ಅನ್ನುವ ತಗಡಿನ ಪುಟ್ಟ ಸೋಸುಕ ಕೂರಿಸಿ ಕೊಡುತ್ತಾರೆ. ಡಿಕಾಕ್ಷನ್ ಹನಿಹನಿಯಾಗಿ ಕೆಳಗಿರುವ ಕಂಡೆನ್ಸ್ಡ್ ಮಿಲ್ಕ್ ಮೇಲೆ ಬೀಳುತ್ತಿರುತ್ತದೆ. ಎರಡು ನಿಮಿಷ ಕಾದೆ. ಆಮೇಲೆ ಮುಚ್ಚಳ ತೆಗೆದು, ಒಳಗಿನ ತಟ್ಟೆಯನ್ನು ಚಮಚದಲ್ಲಿ ಒತ್ತಿದೆ. ಬೇಗ ಇಳಿಯಲಿ ಅಂತ! ಪುಡಿ ಗಟ್ಟಿಯಾಗಿ ಕೂತು, ಬೀಳುತ್ತಿದ್ದ ಹನಿಯೂ ನಿಂತುಹೋಯಿತು. ಅಂಗಡಿಯಮ್ಮ ಬಂದು ನನ್ನ ಕೈಯಿಂದ ಚಮಚ ಕಿತ್ತುಕೊಂಡು, ಬೇರೆ ಫಿನ್ ತಂದಿಟ್ಟು, ಮುಚ್ಚಳದ ಮೇಲೆ ಬೆರಳಿಂದ ಎರಡು ಸಲ ತಟ್ಟಿ ಹೋದರು. ಮುಟ್ಟಬೇಡ ಅಂತ. ಭಾಷೆ ಬರದಿದ್ದರೂ ಬೈಗುಳ ಅರ್ಥವಾಗುತ್ತದೆ, ಅಲ್ವಾ?

ಅಲ್ಲಿ ಬೆಳೆಯುವುದು ಹೆಚ್ಚಾಗಿ ರೋಬಸ್ಟಾ. ಅರೇಬಿಕಾಗೆ ಹೋಲಿಸಿದರೆ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು, ಕಹಿಯೂ ಜೋರು. ಆ ಕಹಿಗೆ ಸರಿಯಾದ ಜೋಡಿ ಕಂಡೆನ್ಸ್ಡ್ ಮಿಲ್ಕ್ ಮತ್ತು ಐಸು. ತಾಜಾ ಹಾಲು ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಡಬ್ಬಿಹಾಲು ಬಂದು ಹಾಗೇ ಉಳಿದುಕೊಂಡಿತು. ಹನೋಯ್‌ನ ಮೊಟ್ಟೆ ಕಾಫಿಯ ಹಿಂದೆಯೂ ಇದೇ ಕತೆ. 1946ರ ಸುಮಾರಿಗೆ ಹಾಲಿನ ಅಭಾವವಿದ್ದಾಗ ಹೋಟೆಲೊಂದರ ಕೆಲಸಗಾರ ಮೊಟ್ಟೆಯ ಹಳದಿಯನ್ನು ನೊರೆ ಬರುವಂತೆ ಕಡೆದು ಹಾಕಿದ ಅನ್ನುತ್ತಾರೆ. ಅಂಥ ಊರಲ್ಲಿ ಕ್ಯಾಪುಚಿನೊ ಹುಡುಕಿಕೊಂಡು ಹೋಗುವುದು ನನಗೇನೋ ಸರಿ ಕಾಣುವುದಿಲ್ಲ.

ಕಾಫಿ ಬೆಳೆಯುವ ದೇಶದಲ್ಲಿ ಒಳ್ಳೆ ಕಾಫಿ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ. ಬಹಳ ಕಡೆ ಒಳ್ಳೆ ಬೀಜ ಹಡಗು ಹತ್ತುತ್ತದೆ, ಉಳಿದದ್ದು ಊರಿಗೆ. ಇಥಿಯೋಪಿಯಾ ಬೇರೆ. ಅಲ್ಲಿ ಬೆಳೆದದ್ದರಲ್ಲಿ ಸುಮಾರು ಅರ್ಧ ಅವರೇ ಕುಡಿಯುತ್ತಾರೆ. ಹಸಿ ಬೀಜ ತೊಳೆದು, ನಿಮ್ಮೆದುರಿಗೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿಯುತ್ತಾರೆ. ಆ ಘಮವನ್ನು ಕೈಯಿಂದ ಮುಖದ ಕಡೆ ಎಳೆದುಕೊಳ್ಳಬೇಕು. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಮೂರು ಸುತ್ತು. ಮೊದಲನೆಯದು ಅಬೋಲ್, ಎರಡನೆಯದು ತೋನಾ, ಮೂರನೆಯದು ಬರಕಾ. ಮೊದಲ ಸುತ್ತಿಗೇ ಎದ್ದು ಹೊರಡಬೇಡಿ. ಬೇರೆ ಕೆಲಸ ಇಟ್ಟುಕೊಂಡು ಅಲ್ಲಿಗೆ ಹೋಗಲೂಬೇಡಿ.

ಫಿನ್‌ಲ್ಯಾಂಡ್‌ನಲ್ಲಿ ತಲೆಗೆ ಲೆಕ್ಕ ಹಾಕಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನ ಜನ ಇದ್ದಾರೆ. ಆದರೆ ಬೀಜವನ್ನು ಕಪ್ಪಾಗುವಷ್ಟು ಹುರಿಯುವುದಿಲ್ಲ. ಕಾಫಿ ತೆಳ್ಳಗೆ, ಸ್ವಲ್ಪ ಹುಳಿ. ನನಗೆ ಹಿಡಿಸಲಿಲ್ಲ. ಆಸ್ಟ್ರೇಲಿಯಾದಲ್ಲಂತೂ ಚಿಂತೆಯೇ ಬೇಡ. ಮೂಲೆಯ ಯಾವುದೋ ಅಂಗಡಿಗೆ ಹೋಗಿ ಫ್ಲಾಟ್ ವೈಟ್ (ಎಸ್‌ಪ್ರೆಸೊಗೆ ತೆಳುನೊರೆಯ ಬಿಸಿಹಾಲು ಬೆರೆಸಿದ್ದು) ಕೇಳಿದರೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅಮೆರಿಕದ ದೊಡ್ಡ ಕಾಫಿ ಕಂಪನಿ ಸ್ಟಾರ್‌ಬಕ್ಸ್ 2008ರಲ್ಲಿ ಅಲ್ಲಿದ್ದ ತನ್ನ 84 ಅಂಗಡಿಗಳಲ್ಲಿ 61ನ್ನು ಮುಚ್ಚಬೇಕಾಯಿತು. ಅಲ್ಲಿನವರ ನಾಲಿಗೆ ಎಂಥದ್ದು ಅಂತ ಇದರಲ್ಲೇ ಗೊತ್ತಾಗುತ್ತದೆ.

ಸರಿ, ಏನೂ ಗೊತ್ತಿಲ್ಲದ ಊರು, ಗೊತ್ತಿಲ್ಲದ ಅಂಗಡಿ. ಆಗ? ನಾನು ಮೊದಲು ನೋಡುವುದು ಹಾಲು ಕಾಯಿಸುವ ಹಬೆಯ ಕೊಳವೆಯನ್ನು. ಅದರ ತುದಿಯಲ್ಲಿ ಒಣಗಿದ ಹಾಲು ಬಿಳಿಯ ಹೊಪ್ಪಳೆಯಾಗಿ ಅಂಟಿಕೊಂಡಿದ್ದರೆ ಬಾಗಿಲಿಂದಲೇ ವಾಪಸ್. ಅದನ್ನು ಒರೆಸದವರು ಯಂತ್ರದ ಒಳಭಾಗವನ್ನು ತೊಳೆದಿರುತ್ತಾರಾ? ಎರಡನೆಯದು ಕಿವಿಗೆ ಬಿಟ್ಟದ್ದು. ಪ್ರತಿ ಕಪ್ಪಿಗೂ ಬೀಜ ಬೀಸುವ ಗರ್ ಸದ್ದು ಕೇಳಬೇಕು. ಬೀಸಿಟ್ಟ ಪುಡಿಯ ಘಮ ಹೋಗಲು ಹೆಚ್ಚು ಹೊತ್ತು ಬೇಡ. ಇಂಟರ್ನೆಟ್ಟಿನ ಸ್ಟಾರುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪ್ರವಾಸಿಗರು ಸ್ಟಾರು ಕೊಡುವುದು ಗೋಡೆಗೆ, ವೈಫೈಗೆ, ಕಪ್ಪಿನ ಮೇಲಿನ ಎಲೆಯ ಚಿತ್ರಕ್ಕೆ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಎಲ್ಲಿ ನಿಂತು ಕುಡಿಯುತ್ತಾರೋ ಅಲ್ಲಿಗೆ ಹೋಗಿ.

ವಿಮಾನದ ಕಾಫಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಮೇಲೆ ಗಾಳಿಯ ಒತ್ತಡ ಕಡಿಮೆ, ನೀರು 92 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಜೊತೆಗೆ ಒಣಗಾಳಿಗೆ ನಮ್ಮ ಮೂಗೂ ಅರ್ಧ ಕೆಲಸ ನಿಲ್ಲಿಸಿರುತ್ತದೆ. ಇನ್‌ಸ್ಟಂಟ್ ಕಾಫಿ ಪೊಟ್ಟಣ ಒಯ್ಯಬಹುದಾ ಅಂತ ಕೆಲವರು ಸಂಕೋಚದಿಂದ ಕೇಳುತ್ತಾರೆ. ಧಾರಾಳವಾಗಿ ಒಯ್ಯಿರಿ. ನಿದ್ದೆಗೆಟ್ಟು ಬೆಳಗಿನ ಜಾವ 3 ಗಂಟೆಗೆ ಎದ್ದು ಕೂತಾಗ ಯಾವ ಅಂಗಡಿಯೂ ತೆರೆದಿರುವುದಿಲ್ಲ. ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇದೆಯಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಯುರೋಪಿನಲ್ಲಿ ಎಷ್ಟೋ ಕಡೆ ಇರುವುದಿಲ್ಲ.

ಹೊರಡುವ ಮುಂಚೆ ನಾನು ಬರೆದಿಟ್ಟುಕೊಳ್ಳುವುದು ಒಂದೇ ಮಾತು, "ಸಕ್ಕರೆ ಬೇಡ" ಅನ್ನುವುದಕ್ಕೆ ಅಲ್ಲಿ ಏನನ್ನುತ್ತಾರೆ ಅಂತ. ಸಿಂಗಪುರದಲ್ಲಿ "ಕೋಪಿ" ಅಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿದ್ದು. "ಕೋಪಿ ಓ" ಅಂದರೆ ಹಾಲಿಲ್ಲ, ಆದರೆ ಸಕ್ಕರೆ ಇದೆ. ಅದೂ ಬೇಡದಿದ್ದರೆ "ಕೊಸೋಂಗ್" ಸೇರಿಸಬೇಕು. ಟರ್ಕಿಯಲ್ಲಿ ಈ ಮಾತು ಇನ್ನೂ ಮುಖ್ಯ, ಯಾಕೆಂದರೆ ಅಲ್ಲಿ ಕುದಿಸುವಾಗಲೇ ಸಕ್ಕರೆ ಹಾಕುತ್ತಾರೆ. ಮೊದಲೇ ಹೇಳದಿದ್ದರೆ ಆಮೇಲೆ ಮಾಡುವಂಥದ್ದು ಏನಿಲ್ಲ. ಅಲ್ಲಿ ನಾನು ಹೆಮ್ಮೆಯಿಂದ ಕಪ್ಪನ್ನು ತಳದವರೆಗೂ ಎತ್ತಿ, ಬಾಯಿತುಂಬ ಚರಟ ತುಂಬಿಕೊಂಡು, ಅಂಗಡಿಯವನ ಎದುರು ಹಲ್ಲು ಬಿಡಲಾಗದೆ ಕೂತಿದ್ದೆ. ಸಕ್ಕರೆಯ ಮಾತು ಮಾತ್ರ ಕೈಕೊಡಲಿಲ್ಲ. ಸಕ್ಕರೆ ಇಲ್ಲದ್ದಕ್ಕೆ ಅವರೂ "ಸಾದೆ" ಅಂತಲೇ ಅನ್ನುತ್ತಾರೆ. ಅಭ್ಯಾಸಬಲದಿಂದ ನಾನು "ಸಾದಾ" ಅಂದಿದ್ದೆ. ಬಂದದ್ದು ಸರಿಯಾಗಿಯೇ ಇತ್ತು.