ಮೊದಲ ಪ್ರಶ್ನೆ ಯಾರದು?

ಧಾರವಾಡದಲ್ಲಿ ಹಿಂಗಾರಿ ಜೋಳದ ಬಗ್ಗೆ ಒಂದು ವಿಚಾರ ಸಂಕಿರಣ ಇತ್ತು. ಮಧ್ಯಾಹ್ನದ ಗೋಷ್ಠಿಗೆ ನಾನು ಅಧ್ಯಕ್ಷೆ. ಆಹ್ವಾನ ಪತ್ರಿಕೆ ನೋಡಿದರೆ ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ ಎಲ್ಲಾ ಹೆಣ್ಣುಮಕ್ಕಳದ್ದು, ಪ್ರಬಂಧ ಮಂಡಿಸುವವರು ಮಾತ್ರ ಬಹುತೇಕ ಗಂಡಸರು. ಸಭೆಯಲ್ಲಿ ಹೆಂಗಸರು ಕಡಿಮೆ ಇದ್ದರು ಅಂತಲ್ಲ. ಅತಿಥಿ ಉಪನ್ಯಾಸಕಿಯರು, ಪಿಎಚ್‌ಡಿ ಮಾಡುತ್ತಿರುವವರು, ಕೃಷಿ ಇಲಾಖೆಯವರು, ಹೆಚ್ಚುಕಡಿಮೆ ಅರ್ಧ ಸಭೆ ಅವರದ್ದೇ. ಆದರೂ ಬೆಳಗಿನ ಗೋಷ್ಠಿಯಲ್ಲಿ ಒಬ್ಬರೂ ಮೈಕ್ ಹಿಡಿಯಲಿಲ್ಲ. "ಅವರಿಗೆ ಆಸಕ್ತಿ ಇಲ್ಲ ಬಿಡಿ ಮೇಡಂ" ಅಂದರು ಹಿರಿಯರೊಬ್ಬರು. ಊಟದ ಸಾಲಿನಲ್ಲಿ ಅದೇ ಹೆಂಗಸರು ಅದೇ ಪ್ರಬಂಧಗಳನ್ನು ಬಿಡಿಸಿ ಬಿಡಿಸಿ ಚರ್ಚೆ ಮಾಡುತ್ತಿದ್ದರು!

2018ರಲ್ಲಿ ಪ್ಲಾಸ್ ಒನ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಲೀಸಿಯಾ ಕಾರ್ಟರ್ ಮತ್ತು ಸಂಗಡಿಗರ ಅಧ್ಯಯನ ನನ್ನ ತಲೆಯಲ್ಲಿತ್ತು. 10 ದೇಶಗಳ 35 ಸಂಸ್ಥೆಗಳಲ್ಲಿ ನಡೆದ ಸುಮಾರು 250 ಸೆಮಿನಾರುಗಳನ್ನು ಅವರು ಗಮನಿಸಿದ್ದರು. ಪ್ರಶ್ನೆ ಕೇಳುವುದರಲ್ಲಿ ಗಂಡಸರು ಎರಡೂವರೆ ಪಟ್ಟು ಮುಂದೆ. ಮೊದಲ ಪ್ರಶ್ನೆ ಗಂಡಸರದ್ದಾದರೆ ಹೆಂಗಸರ ಪ್ರಶ್ನೆ ಇನ್ನೂ ಕಡಿಮೆಯಾಗುತ್ತದೆ. ನಮ್ಮಲ್ಲಿ ಮೊದಲ ಅವಕಾಶ ಮುಂದಿನ ಸಾಲಿನ ಹಿರಿಯರಿಗೇ ಹೋಗುತ್ತದೆ, ಅಲ್ವಾ?

ಹಾಗಾಗಿ ನನ್ನ ಗೋಷ್ಠಿ ಶುರುವಾಗುವ ಮೊದಲೇ ಹೇಳಿಬಿಟ್ಟೆ. ಸಮಯ ಮುಗಿದರೆ ಯಾರೇ ಇರಲಿ ಗಂಟೆ ಹೊಡೆಯುತ್ತೇನೆ. ಪ್ರಬಂಧ ಮುಗಿದ ಮೇಲೆ ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಿಕೊಳ್ಳಿ, ಆಮೇಲೆ ಪ್ರಶ್ನೆ, ಅದೂ ಹಿಂದಿನ ಸಾಲಿನಿಂದ ಶುರು.

ಮೊದಲ ಪ್ರಬಂಧ, ರೈತರು ಮನೆಯ ಬೀಜ ಬಿಟ್ಟು ಅಂಗಡಿ ಬೀಜಕ್ಕೆ ಯಾಕೆ ಹೋಗುತ್ತಿದ್ದಾರೆ ಅನ್ನುವುದರ ಮೇಲೆ. ಸರ್ವೆ ದೊಡ್ಡದು, ಕೋಷ್ಟಕಗಳೂ ಚೆನ್ನಾಗಿದ್ದವು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನೀವು ಮಾತಾಡಿಸಿದ್ದು ಯಾರನ್ನರಿ? ನಮ್ಮ ಕಡೆ ತೆನೆ ಆರಿಸಿ ಬೀಜಕ್ಕ ತೆಗೆದಿಡೋರು ಅವ್ವಂದಿರು."

ಮಂಡಿಸಿದವರು ಪ್ರಾಮಾಣಿಕರು. ಮನೆ ಯಜಮಾನರನ್ನಷ್ಟೇ ಕೇಳಿದ್ದೇವೆ ಅಂದರು. ಅಷ್ಟೇ, ಸಭೆ ತೆರೆದುಕೊಂಡಿತು. ಬೂದಿ ಬೆರೆಸುವುದು, ಬೇವಿನ ಎಲೆ ಹಾಕುವುದು, ಮಾಲ್ದಂಡಿ ಅನ್ನುವ ಜೋಳದ ತಳಿಯಲ್ಲಿ ಯಾವ ತೆನೆ ಬೀಜಕ್ಕೆ, ಯಾವುದು ರೊಟ್ಟಿಗೆ, ಎಂಥಾ ವಿವರಗಳು ಬಂದವು ಗೊತ್ತಾ! ಆ ಸರ್ವೆಯಲ್ಲಿ ಇವು ಯಾವುವೂ ಇರಲಿಲ್ಲ. ಆ ಹುಡುಗಿ ಸುಮ್ಮನಿದ್ದಿದ್ದರೆ ನಷ್ಟ ಅವಳೊಬ್ಬಳಿಗೇ ಅಲ್ಲ, ಜೋಳದ ಸಂಶೋಧನೆಗೂ ಆಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನವರೊಬ್ಬರು ಮೈಕ್ ತೆಗೆದುಕೊಂಡು ಅವಳ ಮಾತನ್ನೇ ತಮ್ಮದೆಂಬಂತೆ ಹೇಳತೊಡಗಿದರು. ನಾನು ತಡೆದೆ. "ಸರ್, ಈ ಅಂಶ ಮೊದಲು ಎತ್ತಿದ್ದು ಅವರು, ಅವರೇ ಮುಂದುವರಿಸಲಿ." ಒಬಾಮಾ ಕಾಲದ ಶ್ವೇತಭವನದಲ್ಲಿ ಮಹಿಳಾ ಸಿಬ್ಬಂದಿ ಹೀಗೇ ಮಾಡುತ್ತಿದ್ದರಂತೆ: ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಅವಳ ಹೆಸರು ಹಿಡಿದೇ ಮತ್ತೆ ಹೇಳುವುದು. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ಈ ಕೆಲಸ ಮಾಡಿದರೆ ಅದರ ತೂಕವೇ ಬೇರೆ. ಅದಕ್ಕೇ ಆ ಕುರ್ಚಿ ಮುಖ್ಯ. ಕನ್ನಡ ಸಾಹಿತ್ಯ ಸಮ್ಮೇಳನ ಶುರುವಾದದ್ದು 1915ರಲ್ಲಿ, ಅಲ್ಲಿ ಮೊದಲ ಬಾರಿ ಹೆಣ್ಣುಮಗಳೊಬ್ಬಳು, ಜಯದೇವಿತಾಯಿ ಲಿಗಾಡೆ, ಅಧ್ಯಕ್ಷೆಯಾದದ್ದು 1974ರಲ್ಲಿ, ಮಂಡ್ಯದಲ್ಲಿ. ಎಷ್ಟು ವರ್ಷ ನೋಡಿ.

ಗಂಡಸರಾದರೂ ಇದನ್ನೆಲ್ಲ ಮಾಡಬಹುದು, ಮಾಡಬೇಕು ಕೂಡ. ಮುಂದಿನ ಸಂಕಿರಣಕ್ಕೆ ಅದೇ ಆಯೋಜಕರು ಕರೆದಾಗ ನಾನು ಎರಡು ವಿಷಯ ಕೇಳಿದೆ. ಕೊನೆಯ ಗೋಷ್ಠಿ ಸಂಜೆ ನಾಲ್ಕಕ್ಕೆ ಮುಗಿಯಲಿ, ದೂರದ ಊರಿನವರಿಗೆ ಬಸ್ ಸಿಗಬೇಕು. ಚಿಕ್ಕ ಮಕ್ಕಳನ್ನು ಕರೆತರುವವರಿಗೆ ಒಂದು ಕೋಣೆ ಬೇಕು. ಸಮಯಕ್ಕೆ ಒಪ್ಪಿದರು. ಕೋಣೆ ಖಾಲಿ ಇಲ್ಲ ಅಂದರು. ಗಣ್ಯರ ಊಟಕ್ಕೆ ಬೇರೆ ಕೋಣೆ ಇದೆಯಲ್ಲ, ಅದನ್ನು ಕೊಡಿ, ನಾವೆಲ್ಲ ಸಾಲಿನಲ್ಲೇ ನಿಂತು ಉಣ್ಣೋಣ ಅಂತ ಬರೆದಿದ್ದೇನೆ.