ಪುಸ್ತಕ ಮುಚ್ಚಿ ಬರೆಯೋಣ: ಸಂಜೆ ಓದಿನ ಗುಂಪು, ಇಲ್ಲಿಯವರೆಗೆ

ಜುಲೈ

ಹಿರಿಯೂರು ತಾಲ್ಲೂಕಿನ ನಮ್ಮೂರ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯ್ತಿ ಲೈಬ್ರರಿಯಲ್ಲಿ, ನಾಲ್ಕರಿಂದ ಏಳನೇ ತರಗತಿಯ ಮಕ್ಕಳನ್ನು ಸಂಜೆ ಹೊತ್ತು ಕೂರಿಸಿಕೊಂಡು ಓದಿಸಲು ಶುರು ಮಾಡಿದ್ದೇನೆ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಇಲ್ಲಿ ಸದಸ್ಯತ್ವ ಉಚಿತ. ಪುಸ್ತಕ ಇವೆ, ಚಾಪೆ ಇದೆ, ಮೇಲ್ವಿಚಾರಕರು ನಮಗೋಸ್ಕರ ಸ್ವಲ್ಪ ತಡವಾಗಿ ಬಾಗಿಲು ಹಾಕುತ್ತಾರೆ.

ಬಹುತೇಕ ಮಕ್ಕಳು ಗಟ್ಟಿಯಾಗಿ, ತಡವರಿಸದೆ ಓದುತ್ತಾರೆ. ಓದಿ ಮುಗಿಸಿದ ಮೇಲೆ “ಏನು ಹೇಳಿದ್ದಾರಮ್ಮ ಇದರಲ್ಲಿ?” ಅಂದರೆ ಕಣ್ಣು ಮತ್ತೆ ಪುಸ್ತಕಕ್ಕೇ ಹೋಗುತ್ತದೆ. ಪ್ರಶ್ನೆಯಲ್ಲಿರುವ ಪದ ಪಾಠದ ಯಾವ ಸಾಲಿನಲ್ಲಿದೆ ಎಂದು ಹುಡುಕುತ್ತಾರೆ, ಆ ಸಾಲನ್ನು ಹಾಗೇ ಎತ್ತಿ ಬರೆಯುತ್ತಾರೆ. ಉತ್ತರಕ್ಕೆ ಅಂಕ ಬರುತ್ತದೆ, ಪಾಠ ಮಾತ್ರ ತಲೆಗೆ ಇಳಿದಿರುವುದಿಲ್ಲ.

ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಅಕ್ಷರ ಬಿಡಿಸಿ ಓದುವ ಶಕ್ತಿ ಗುಣಿಸು ಭಾಷೆ ಅರ್ಥವಾಗುವ ಶಕ್ತಿ. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಒತ್ತಕ್ಷರದಲ್ಲಿ ಇನ್ನೂ ಎಡವುವ ಒಂದಿಬ್ಬರು ಇದ್ದಾರೆ. ಅವರಿಗೆ ದಿನಾ ಮೊದಲ ಹತ್ತು ನಿಮಿಷ ಬೇರೆಯಾಗಿ ಓದಿಸುತ್ತೇನೆ. ಉಳಿದವರಿಗೆ ಬೇಕಿರುವುದು ಎರಡನೆಯದು.

ಆಗಸ್ಟ್

ಪಠ್ಯಪುಸ್ತಕ ಬದಿಗಿಟ್ಟು, ಮಾರಿಕಣಿವೆ ಬಗ್ಗೆ ಒಂದು ಪುಟ ನಾನೇ ಬರೆದುಕೊಟ್ಟೆ. ವೇದಾವತಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಅಣೆಕಟ್ಟು, ಮೈಸೂರು ಅರಸರ ಕಾಲದಲ್ಲಿ 1907ರ ಹೊತ್ತಿಗೆ ಕೆಲಸ ಮುಗಿದದ್ದು, ಪೂರ್ಣ ಮಟ್ಟ 130 ಅಡಿ, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾದದ್ದು. ಇಷ್ಟೇ.

ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಆ ಪುಟದಲ್ಲಿ ಎಲ್ಲೂ ಇರಲಿಲ್ಲ: “ನಿಮ್ಮ ತಾತ 1933ರ ಕೋಡಿ ನೋಡಿರಬಹುದಾ?”

ಸ್ವಲ್ಪ ಹೊತ್ತು ಎಲ್ಲರೂ ಸಾಲು ಹುಡುಕಿದರು. ಆಮೇಲೆ ಆರನೇ ತರಗತಿಯ ಹುಡುಗನೊಬ್ಬ ಬೆರಳು ಎಣಿಸತೊಡಗಿದ. “ಅಕ್ಕಾ, ನಮ್ ತಾತಂಗೆ ಎಪ್ಪತ್ತು ಆಗೈತೆ. ಆಗ ಅವ್ರು ಹುಟ್ಟೇ ಇರ್ಲಿಲ್ಲ. ಅವರಪ್ಪ ನೋಡಿರ್ಬೋದು.” ಪಕ್ಕದವಳು ತಕ್ಷಣ, “ಹಂಗಾದ್ರೆ ಎರಡು ಸಲನೂ ನೋಡಿದೋರು ಊರಲ್ಲಿ ಯಾರಾದ್ರೂ ಇರ್ಬೇಕಾದ್ರೆ ತೊಂಬತ್ತರ ಮೇಲೇ ಇರ್ಬೇಕು” ಅಂದಳು. ಎಂಬತ್ತೊಂಬತ್ತು ವರ್ಷದ ಅಂತರವನ್ನು ಯಾರೂ ಲೆಕ್ಕ ಮಾಡಿ ಎಂದು ಹೇಳಿರಲಿಲ್ಲ. ಅಂದು ಮನೆಗೆ ಹೋಗುವಾಗಲೂ ಅದೇ ಮಾತು ನಡೆದಿತ್ತು. ಓದು ಅಂದರೆ ನನ್ನ ಮಟ್ಟಿಗೆ ಇದೇ: ಪುಟದಲ್ಲಿರುವುದನ್ನೂ ತನಗೆ ಗೊತ್ತಿರುವುದನ್ನೂ ಸೇರಿಸಿ ಮೂರನೆಯದೊಂದನ್ನು ಕಂಡುಕೊಳ್ಳುವುದು.

ಮುಂದಿನ ವಾರ ಅಷ್ಟೇ ಉದ್ದದ, ಅಷ್ಟೇ ಸರಳ ಭಾಷೆಯ ಇನ್ನೊಂದು ಪುಟ ಕೊಟ್ಟೆ. ಈ ಸಲ ಸಮುದ್ರದ ಉಬ್ಬರ ಇಳಿತದ ಬಗ್ಗೆ. ಅವೇ ಮಕ್ಕಳು ಮತ್ತೆ ಸಾಲು ಎತ್ತಿ ಬರೆದರು. ಸಮುದ್ರ ನೋಡಿದವರು ಅವರಲ್ಲಿ ಯಾರೂ ಇಲ್ಲ. ಅಮೆರಿಕದಲ್ಲಿ 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಬೇಸ್‌ಬಾಲ್ ಬಗೆಗಿನ ಒಂದು ಬರಹ ಕೊಟ್ಟು ಇಂಥದ್ದನ್ನೇ ಪರೀಕ್ಷಿಸಿದ್ದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ನೆನಪಿಟ್ಟುಕೊಂಡಿದ್ದರು. ಹಾಗಾಗಿ ಒಂದು ಮಗುವನ್ನು “ಓದಿದ್ದು ಅರ್ಥವಾಗದವಳು” ಎಂದು ಕರೆಯುವ ಮೊದಲು ಯಾವುದನ್ನು ಓದಿದಾಗ ಎಂದು ಕೇಳಲೇಬೇಕು. ಈಗ ಪ್ರತಿ ಪಾಠಕ್ಕೂ ಮುಂಚೆ ನಕ್ಷೆ, ಚಿತ್ರ ಇಟ್ಟುಕೊಂಡು ಐದು ನಿಮಿಷ ಬರೀ ಮಾತಾಡುತ್ತೇವೆ. ಆ ಐದು ನಿಮಿಷವನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ.

ದಸರಾ ರಜೆ ಕಳೆದ ಮೇಲೆ

ಈಗ ಬರೆದುಕೊಳ್ಳುವ ಕೆಲಸ. ಮಕ್ಕಳಿಗೆ ಗೊತ್ತಿರುವ ನೋಟ್ಸ್ ಎಂದರೆ ಬೋರ್ಡಿನಿಂದ ಅಥವಾ ಗೈಡಿನಿಂದ ಇಳಿಸಿಕೊಂಡದ್ದು. ಅಕ್ಷರ ಮುತ್ತಿನಂತಿರುತ್ತದೆ, ಕೆಳಗೆ ಕೆಂಪು ಗೆರೆಯೂ ಇರುತ್ತದೆ. ಕೈ ಬರೆಯುವಾಗ ಮನಸ್ಸು ಎಲ್ಲಿತ್ತು ಎಂಬುದು ಆ ಪುಸ್ತಕ ನೋಡಿದರೆ ತಿಳಿಯುವುದಿಲ್ಲ.

ನಮ್ಮ ಗುಂಪಿನಲ್ಲಿ ಒಂದೇ ನಿಯಮ. ಪುಸ್ತಕ ತೆರೆದಿರುವಾಗ ಪೆನ್ನು ಕೆಳಗೆ. ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ನೆನಪಿರುವುದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಮನೆಮಾತಿನಲ್ಲಿ ಬರೆದರೂ ಸರಿ, ಕಾಗುಣಿತ ತಪ್ಪಿದರೂ ಆಮೇಲೆ ನೋಡೋಣ. ನಂತರ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ.

ಹಾಳೆಯನ್ನು ಉದ್ದಕ್ಕೆ ಮಡಚಿ ಎಡಗಡೆ ಮೂರನೇ ಒಂದು ಪಾಲು ಖಾಲಿ ಬಿಡಿಸುತ್ತೇನೆ. ಇದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಕಾಲೇಜು ವಿದ್ಯಾರ್ಥಿಗಳಿಗೆ ರೂಪಿಸಿದ ಪದ್ಧತಿ. ಬಲಗಡೆ ಟಿಪ್ಪಣಿ, ಎಡಗಡೆ ಅದಕ್ಕೆ ಹೊಂದುವ ಪ್ರಶ್ನೆ, ಪುಟದ ಕೆಳಗೆ ಒಟ್ಟು ಸಾರ. ಚಿಕ್ಕ ಮಕ್ಕಳಿಗೆ ಸಾರ ಬರೆಯುವುದು ಕಷ್ಟ, ಅದನ್ನು ಕೈಬಿಟ್ಟೆ. ಎಡಗಡೆಯ ಪ್ರಶ್ನೆ ಮಾತ್ರ ಉಳಿಸಿಕೊಂಡೆ, ಅದನ್ನೂ ಮಕ್ಕಳೇ ಬರೆಯಬೇಕು. ಮರುದಿನ ಬಂದಾಗ ಬಲಭಾಗ ಮಡಚಿ ಮುಚ್ಚಿಕೊಂಡು ಜೋಡಿಯಾಗಿ ಕೂತು ಒಬ್ಬರನ್ನೊಬ್ಬರು ಕೇಳುತ್ತಾರೆ.

ಒಬ್ಬ ತಾಯಿ ಬಂದು ಕೇಳಿದರು: “ಮೇಡಂ, ಪುಸ್ತಕದಾಗೆ ನಾಲ್ಕೇ ಸಾಲು ಐತೆ. ಏನೂ ಬರ್ಸಲ್ವಾ?” ಅವರ ಆತಂಕ ನ್ಯಾಯವಾದದ್ದೇ, ತುಂಬಿದ ನೋಟ್‌ಬುಕ್ಕೇ ಓದಿನ ಗುರುತು ಎಂದು ನಾವೆಲ್ಲ ನಂಬಿ ಬೆಳೆದವರು. ಮಗಳನ್ನು ಪಕ್ಕದಲ್ಲಿ ಕೂರಿಸಿ, ಹಾಳೆ ಮುಚ್ಚಿಸಿ, ಎಡಗಡೆಯ ಪ್ರಶ್ನೆಗಳನ್ನು ಅವರ ಕೈಯಲ್ಲೇ ಕೇಳಿಸಿದೆ. ಮಗಳು ಹೇಳುತ್ತಾ ಹೋದಳು, ಬರೆದದ್ದಕ್ಕಿಂತ ಹೆಚ್ಚೇ ಹೇಳಿದಳು. ಈಗ ಆ ತಾಯಿ ರಾತ್ರಿ ರೊಟ್ಟಿ ತಟ್ಟುವಾಗ ತಾವೇ ಪ್ರಶ್ನೆ ಕೇಳುತ್ತಾರಂತೆ.

ಪುಸ್ತಕ ಮುಚ್ಚುವುದಕ್ಕೆ ನಾನು ಇಷ್ಟು ಒತ್ತು ಕೊಡಲು ಗಟ್ಟಿ ಕಾರಣವಿದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದಾಗ, ಓದಿದ್ದನ್ನು ನೆನಪಿನಿಂದ ಬರೆದಿದ್ದವರು ಮುಂದಾಗಿದ್ದರು. ಹಿಂದಿನ ರಾತ್ರಿಯ ಬಾಯಿಪಾಠ ಬೆಳಗ್ಗೆ ಪರೀಕ್ಷೆಗೆ ಒದಗುವುದೂ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅಳಿಸಿಹೋಗುವುದೂ ನನಗೆ ಇದರಿಂದಲೇ ಅರ್ಥವಾಗುತ್ತದೆ.

ನವೆಂಬರ್

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿದ್ದೇನೆ. ಒಬ್ಬರು ಮುಂದೇನು ಬರಬಹುದು ಎಂದು ಊಹಿಸಬೇಕು, ಒಬ್ಬರು ಪ್ರಶ್ನೆ ಕೇಳಬೇಕು, ಒಬ್ಬರು ಅರ್ಥವಾಗದ ಜಾಗ ಗುರುತಿಸಬೇಕು, ಇನ್ನೊಬ್ಬರು ಎರಡು ಮಾತಿನಲ್ಲಿ ಹೇಳಿ ಮುಗಿಸಬೇಕು. ಪಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ಬರೆದ ಕ್ರಮ ಇದು. ಮೂರನೆಯ ಪಾತ್ರಕ್ಕೇ ಮಕ್ಕಳು ಕಿತ್ತಾಡುತ್ತಾರೆ. “ನಂಗೆ ಇದು ಗೊತ್ತಾಗ್ಲಿಲ್ಲ” ಎಂದು ಧೈರ್ಯವಾಗಿ ಹೇಳಲು ಅವರಿಗೆ ಬೇರೆಲ್ಲೂ ಅವಕಾಶ ಸಿಕ್ಕಿರಲಿಲ್ಲ.

ಈ ತಿಂಗಳ ಪಾಠ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದ್ದು, ‘ಲಿಪಿಕಾರ’ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದೆ. ಖರೋಷ್ಠಿ ವಾಯವ್ಯ ಭಾರತದ ಕಡೆಯ ಲಿಪಿ. “ಅದೊಂದನ್ನು ಯಾಕೆ ಬೇರೆ ಲಿಪಿಯಲ್ಲಿ ಬರೆದ?” ಎಂದು ಕೇಳಿ ಸುಮ್ಮನೆ ಕೂತೆ. ಐದನೇ ತರಗತಿಯ ಹುಡುಗಿ ಹಾಳೆ ಮಡಚುತ್ತಲೇ ಹೇಳಿದಳು: “ಅವ್ನು ಆ ಕಡೆಯೋನೇ ಇರ್ಬೇಕಕ್ಕಾ. ಅವ್ನು ಕಲ್ತಿದ್ದು ಅದೇ ಅಕ್ಷರ.” ವಿದ್ವಾಂಸರೂ ಮಾಡುವ ಊಹೆ ಅದು. ಅವಳ ಹಾಳೆಯ ಎಡಗಡೆ ಈಗ ಹೊಸ ಪ್ರಶ್ನೆ: ಅಷ್ಟು ದೂರದಿಂದ ಹೇಗೆ ಬಂದ?

ಮಕ್ಕಳ ಗ್ರಾಮಸಭೆ ಹತ್ತಿರ ಬಂದಿದೆ. ಇಲ್ಲಿಯವರೆಗೆ ಓದಿ ಬರೆದುಕೊಂಡಿದ್ದಾರೆ, ಕೇಳುತ್ತಾ ಬರೆದುಕೊಳ್ಳುವುದು ಇನ್ನೂ ಕಷ್ಟ, ಅಲ್ಲಿ ಮಾತು ಯಾರಿಗೂ ಕಾಯುವುದಿಲ್ಲ. ಅದಕ್ಕೆ ದಿನಾ ಐದು ನಿಮಿಷ ನಾನು ಪತ್ರಿಕೆಯ ಒಂದು ಸುದ್ದಿ ಓದುತ್ತೇನೆ, ಅವರು ಯಾರು, ಏನು, ಯಾವಾಗ ಎಂಬುದನ್ನಷ್ಟೇ ಹಿಡಿಯುತ್ತಾರೆ. ಸಭೆಗೆ ಎಲ್ಲರೂ ಮಡಚಿದ ಹಾಳೆ ತರಬೇಕು. ಎಡಗಡೆ ಪಂಚಾಯ್ತಿಗೆ ಕೇಳುವ ಪ್ರಶ್ನೆ ಮೊದಲೇ ಬರೆದಿರಬೇಕು, ಬಲಗಡೆ ಅವರು ಕೊಟ್ಟ ಉತ್ತರ. ಶಾಲೆಯ ಶೌಚಾಲಯದ ನೀರು, ಬಸ್ಸಿನ ಸಮಯ, ಲೈಬ್ರರಿಗೆ ಇನ್ನೊಂದು ಟ್ಯೂಬ್‌ಲೈಟು, ಇಷ್ಟು ಈಗಾಗಲೇ ಎಡಗಡೆ ಸೇರಿವೆ.