ಎಸ್.ಪಿ. ರೋಡಿಗೆ ಎರಡು ಸಲ

ಸೆಕೆಂಡ್ ಪಿಯುಸಿ ಪಾಸಾದರೆ ಗೇಮಿಂಗ್ ಕಂಪ್ಯೂಟರ್ ಕೊಡಿಸ್ತೀನಿ ಅಂತ ತಮ್ಮನಿಗೆ ಮಾತು ಕೊಟ್ಟಿದ್ದೆ. ಕೈಯಲ್ಲಿ ಇದ್ದದ್ದು 50,000 ರೂಪಾಯಿ. ಮಾನಿಟರ್, ಕೀಬೋರ್ಡ್, ಮೌಸ್ ಮನೆಯಲ್ಲೇ ಹಳೆಯವು ಇದ್ದವು. 2024ರ ಜೂನ್‌ನಲ್ಲಿ ಒಂದು ಶನಿವಾರ ತುಮಕೂರಿನಿಂದ ಬೆಳಗಿನ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹಿಡಿದು, ಚಿಕ್ಕಪೇಟೆಯಲ್ಲಿ ಇಳಿದು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ನಡೆದೆವು.

ಮೊದಲ ಅಂಗಡಿಯಲ್ಲಿ ಪ್ರಶ್ನೆ ನಾನು ಕೇಳಿದರೆ ಉತ್ತರ ತಮ್ಮನಿಗೆ ಹೋಗುತ್ತಿತ್ತು. "ಐ7 ಪ್ರೊಸೆಸರ್ ಇದೆ, ಲೈಟಿಂಗ್ ಕ್ಯಾಬಿನೆಟ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಎಲ್ಲ ಸೇರಿ 45 ಸಾವಿರ." ತಮ್ಮನ ಕಣ್ಣು ಆಗಲೇ ಆ ಲೈಟುಗಳ ಮೇಲೆ. ಯಾವ ಜನರೇಷನ್ ಅಂತ ಕೇಳಿದೆ. ಮೂರನೆಯದು. ಅಂದರೆ 2012ರಲ್ಲಿ ಬಂದ ಚಿಪ್, ಜೊತೆಗೆ ಹಳೇ ಕಾಲದ ಡಿಡಿಆರ್3 ರ‍್ಯಾಮ್. ನಾಳೆ ಏನಾದರೂ ಬದಲಾಯಿಸಬೇಕು ಅಂದರೆ ಪ್ರೊಸೆಸರ್, ಅದು ಕೂರುವ ಮದರ್‌ಬೋರ್ಡ್, ರ‍್ಯಾಮ್ ಮೂರೂ ಒಟ್ಟಿಗೆ ಹೋಗಬೇಕು. ಅದರ ಎಸ್‌ಎಂಪಿಎಸ್ (ಒಳಗೆ ಎಲ್ಲದಕ್ಕೂ ಕರೆಂಟು ಹಂಚುವ ಡಬ್ಬಿ) ಕೈಯಲ್ಲಿ ಎತ್ತಿ ನೋಡಿದೆ, ಹಗುರವಾಗಿತ್ತು. ಮೇಲೆ 500 ವಾಟ್ ಅಂತ ದೊಡ್ಡದಾಗಿ ಬರೆದಿತ್ತು, ಕರೆಂಟು ಹೆಚ್ಚು ಪೋಲು ಮಾಡಲ್ಲ ಅನ್ನೋ 80 ಪ್ಲಸ್ ಗುರುತು ಎಲ್ಲೂ ಇರಲಿಲ್ಲ. ಬೇಡ ಅಂತ ಎದ್ದು ಬಂದೆವು.

ಗೇಮಿಂಗ್‌ಗೆ ಅಂತ ಕಂಪ್ಯೂಟರ್ ಮಾಡಿಸುವಾಗ ಜಾಸ್ತಿ ದುಡ್ಡು ಹೋಗಬೇಕಾದದ್ದು ಆಟದ ಚಿತ್ರ ಪರದೆಗೆ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೇ, ಇದರಲ್ಲಿ ನನಗೆ ಎರಡು ಮಾತಿಲ್ಲ. ತಮ್ಮ ಕಡಿಮೆ ರೇಟಿನ ಆರ್‌ಎಕ್ಸ್ 6500 ಎಕ್ಸ್‌ಟಿ ತೋರಿಸಿ "ಅಕ್ಕಾ, ಇದೂ ಹೊಸದೇ ಅಲ್ವಾ" ಅಂದ. ಹೊಸದೇ, ಆದರೆ 4 ಜಿಬಿ ಮೆಮೊರಿಯ ಕಾರ್ಡು, ಅದೂ ಅಲ್ಲದೆ ಬೋರ್ಡಿನ ಜೊತೆ ಮಾತಾಡೋಕೆ ಅದಕ್ಕೆ ಇರೋದು ನಾಲ್ಕೇ ಲೇನ್, ಅಂದರೆ ಡೇಟಾ ಓಡುವ ದಾರಿ. ನಾವು ತಗೋಬೇಕು ಅಂತಿದ್ದ ಬಿ450 ಬೋರ್ಡಿನಲ್ಲಿ ಕಾರ್ಡ್ ಕೂರಿಸೋಕೆ ಹಳೆಯ ಮೂರನೇ ಜನರೇಷನ್ ಸ್ಲಾಟ್ ಇರೋದರಿಂದ ಆ ನಾಲ್ಕು ಲೇನ್‌ಗಳ ವೇಗವೂ ಅರ್ಧಕ್ಕೆ ಇಳಿಯುತ್ತದೆ. ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸೋಕೆ ಶುರು. ಆರ್‌ಎಕ್ಸ್ 6600ಕ್ಕೆ 8 ಜಿಬಿ, ಎಂಟು ಲೇನ್. ಕರೆಂಟು ತಗೊಳ್ಳೋದೂ 132 ವಾಟ್ ಅಷ್ಟೇ, ದೊಡ್ಡ ಎಸ್‌ಎಂಪಿಎಸ್ ಬೇಕಾಗಲ್ಲ. ನಮ್ಮ ಮಾನಿಟರ್ ಫುಲ್ ಎಚ್‌ಡಿ, ಅದಕ್ಕೆ ಧಾರಾಳವಾಗಿ ಸಾಕು. ಸುಮಾರು 20 ಸಾವಿರ ಇದಕ್ಕೇ ಹೋಯಿತು.

ಉಳಿದದ್ದು ಬೇಗ ಆಯಿತು. ಆರು ಕೋರಿನ ರೈಜನ್ 5 5600 ಪ್ರೊಸೆಸರ್, ಫ್ಯಾನ್ ಡಬ್ಬಿಯಲ್ಲೇ ಬರುತ್ತದೆ. 8 ಜಿಬಿಯ ಎರಡು ರ‍್ಯಾಮ್. 16ರದ್ದೇ ಒಂದು ತಗೊಂಡರೆ ಮೆಮೊರಿ ಒಂದೇ ದಾರಿಯಲ್ಲಿ ಓಡುತ್ತದೆ, ಎರಡಿದ್ದರೆ ಎರಡು ದಾರಿ. ಆಟ, ಫೈಲು ಇಡೋಕೆ 500 ಜಿಬಿಯ ಎನ್‌ವಿಎಂಇ. ಲೈಟಿಲ್ಲದ, ಮುಂದೆ ಜಾಲರಿ ಇರುವ ಕ್ಯಾಬಿನೆಟ್, ಗಾಳಿ ಆಡಬೇಕಲ್ಲ. ಮೂರು ಅಂಗಡಿ ಸುತ್ತಿ 80 ಪ್ಲಸ್ ಬ್ರಾಂಜ್ ಇರುವ 550 ವಾಟ್ ಎಸ್‌ಎಂಪಿಎಸ್ ತಂದೆವು. ನಮ್ಮ ಬೀದಿಯಲ್ಲಿ ಮಳೆಗಾಲ ಬಂದರೆ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತದೆ, ಅದರಲ್ಲಿ ಕಂಜೂಸ್ ಮಾಡಿದರೆ ಉಳಿದದ್ದೆಲ್ಲ ಅದರ ಜೊತೆ ಸುಡಬಹುದು. ಲೆಕ್ಕ ಹಾಕಿದಾಗ ಉಳಿದದ್ದು 400 ರೂಪಾಯಿ ಚಿಲ್ಲರೆ.

ರಾತ್ರಿ ಹಾಲ್‌ನಲ್ಲಿ ಚಾಪೆ ಹಾಸಿ ಜೋಡಿಸಿದೆವು. ಪ್ರೊಸೆಸರ್ ಕೂರಿಸುವಾಗ ಮೂಲೆಯ ಪುಟ್ಟ ಚಿನ್ನದ ಬಣ್ಣದ ತ್ರಿಕೋನವನ್ನು ಬೋರ್ಡಿನ ತ್ರಿಕೋನಕ್ಕೆ ಹೊಂದಿಸಿದರೆ ಅದು ತಾನೇ ಕೂರುತ್ತದೆ, ಒತ್ತಲೇಬಾರದು. ತಮ್ಮ ಉಸಿರು ಬಿಗಿ ಹಿಡಿದುಕೊಂಡು ಇಟ್ಟ. ಸ್ವಿಚ್ ಒತ್ತಿದ. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು.

ಮಾನಿಟರ್ ಕೇಬಲ್ ನೋಡಿದೆವು, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದ್ದೆವು. ರ‍್ಯಾಮ್ ತೆಗೆದು ಹಾಕಿದೆವು. ಒಂದೊಂದೇ ರ‍್ಯಾಮ್ ಹಾಕಿ ನೋಡಿದೆವು. ಊಹೂಂ. ಹನ್ನೊಂದು ಗಂಟೆಗೆ ಬೋರ್ಡಿನ ಡಬ್ಬಿ ತಿರುಗಿಸಿ ತಿರುಗಿಸಿ ನೋಡುವಾಗ ಹೊಳೆಯಿತು, ರೈಜನ್ 5000 ರೆಡಿ ಅಂತ ಇರಬೇಕಾದ ಸ್ಟಿಕರ್ ಇಲ್ಲ. ಹಳೇ ಸ್ಟಾಕ್. ಬಿ450 ಬಂದದ್ದು 2018ರಲ್ಲಿ, ನಮ್ಮ ಪ್ರೊಸೆಸರ್ 2022ರದ್ದು. ಕಂಪ್ಯೂಟರನ್ನು ಶುರು ಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್ ಬಯಾಸ್‌ಗೆ ಇದರ ಗುರುತೇ ಇಲ್ಲ. ಅಂಗಡಿಯವರಿಗೆ ಪ್ರೊಸೆಸರ್ ಹೆಸರು ಹೇಳಿಯೇ ಬೋರ್ಡ್ ಕೇಳಿದ್ದೆ, ಅದಕ್ಕೇ ಸಿಟ್ಟು ಬಂದದ್ದು. ಮಾರನೇ ದಿನ ಭಾನುವಾರ, ಅಂಗಡಿ ರಜೆ. ತಮ್ಮ ಇಡೀ ದಿನ ಸರಿಯಾಗಿ ಊಟ ಮಾಡಲಿಲ್ಲ. ತಾನು ಕೂರಿಸುವಾಗಲೇ ಏನೋ ಕೆಟ್ಟಿರಬೇಕು ಅನ್ನೋದು ಅವನ ಭಯ. "ನಿನ್ನ ತಪ್ಪೇನೂ ಇಲ್ಲ ಕಣೋ" ಅಂತ ಎಷ್ಟು ಹೇಳಿದರೂ ಡಬ್ಬಿ ಮುಂದೆಯೇ ಕೂತಿದ್ದ.

ಸೋಮವಾರ ಆಫೀಸಿಗೆ ರಜೆ ಹಾಕಿ ಬೋರ್ಡ್ ತಗೊಂಡು ಒಬ್ಬಳೇ ಹೋದೆ. ಅಪ್‌ಡೇಟ್‌ಗೆ 500 ಕೇಳಿದರು. ಬಿಲ್ಲಿನಲ್ಲಿ ಪ್ರೊಸೆಸರ್ ಮತ್ತು ಬೋರ್ಡ್ ಎರಡೂ ಒಟ್ಟಿಗೇ ಇರುವುದನ್ನು ತೋರಿಸಿದೆ. ಒಂದು ಮಾತಾಡದೆ ಒಳಗೆ ತಗೊಂಡು ಹೋಗಿ, ಹಳೇ ರೈಜನ್ ಒಂದನ್ನು ಕೂರಿಸಿ, ಪೆನ್‌ಡ್ರೈವ್‌ನಿಂದ ಹೊಸ ಬಯಾಸ್ ಹಾಕಿಕೊಟ್ಟರು. ಹದಿನೈದು ನಿಮಿಷದ ಕೆಲಸ, ದುಡ್ಡು ತಗೊಳ್ಳಲಿಲ್ಲ.

ಸಂಜೆ ಮನೆಯಲ್ಲಿ ಪರದೆ ಬೆಳಗಿತು. ರ‍್ಯಾಮ್ ವೇಗ 2400 ಅಂತ ತೋರಿಸುತ್ತಿತ್ತು. ತಮ್ಮನೇ ಬಯಾಸ್‌ನಲ್ಲಿ ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಹುಡುಕಿ ಆನ್ ಮಾಡಿದ, 3200 ಆಯಿತು. ಆಟ ಡೌನ್‌ಲೋಡ್ ಆಗೋಕೆ ರಾತ್ರಿಯಿಡೀ ಬೇಕಾಯಿತು. ಬೆಳಗ್ಗೆ ಐದಕ್ಕೆ ಅಮ್ಮ ನೀರು ಹಿಡಿಯೋಕೆ ಎದ್ದಾಗ ಅವನು ಹೆಡ್‌ಫೋನ್ ಹಾಕಿಕೊಂಡು ಆಡುತ್ತಾ ಕೂತಿದ್ದನಂತೆ.